ಹೊರಗೋಡೆಗೆ ಪಾಚಿ: ಪೈಂಟಿಗೆ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ (ತೀರ್ಥಹಳ್ಳಿ ಕಡೆ): ಸರ್, ಮನೆಯ ಪಶ್ಚಿಮದ ಗೋಡೆಗೆ ಪೈಂಟ್ ಹೊಡೆಸಿ ಎರಡೇ ಮಳೆಗಾಲ ಆಗಿದೆ. ಸಜ್ಜದ ಕೆಳಗೆ ಕಪ್ಪು ಗೆರೆ ಇಳಿದಿವೆ, ಬುಡದಲ್ಲಿ ಎರಡಡಿ ಎತ್ತರಕ್ಕೆ ಹಸಿರು ಪಾಚಿ. ಮೇಲೆ ಇನ್ನೆರಡು ಕೋಟ್ ಹೊಡೆದರೆ ಸರಿಹೋಗುತ್ತೆ ಅಂತಾರೆ ಪೈಂಟರ್. ಹೊಡೆಸಲಾ?

ಉತ್ತರ: ಈಗಲೇ ಬೇಡ ಮೇಡಂ. ಪಾಚಿ ಮೇಲೆ ಪೈಂಟ್ ಹಚ್ಚಿದರೆ ಪೈಂಟ್ ಹಿಡಿಯೋದು ಪಾಚಿಯನ್ನು, ಗೋಡೆಯನ್ನಲ್ಲ. ಮುಂದಿನ ಮಳೆಗೆ ಹಾಳೆಹಾಳೆಯಾಗಿ ಏಳುತ್ತೆ.

ನಿಮ್ಮ ಗೋಡೆಯಲ್ಲಿ ಎರಡು ಬೇರೆ ಕಾಯಿಲೆ ಇದೆ. ಕಪ್ಪು ಗೆರೆ ಸಜ್ಜದಿಂದ ಬಂದದ್ದು. ಸಜ್ಜದ ತುದಿಯಲ್ಲಿ ನೀರು ಕಡಿಯುವ ಗಾಡಿ (ಉದ್ದಕ್ಕೂ ಕೊರೆದ ಸಣ್ಣ ತೋಡು) ಇಲ್ಲದಿದ್ದರೆ ಹನಿ ಕೆಳಗೆ ಬೀಳದೆ ಸಜ್ಜದ ಅಡಿಮೈ ಹಿಡಿದು ಗೋಡೆಗೆ ಬರುತ್ತೆ. ತುದಿಯಿಂದ ಒಂದಿಂಚು ಒಳಗೆ, ಅಡಿಭಾಗದಲ್ಲಿ ಉದ್ದಕ್ಕೂ 10 ಮಿ.ಮೀ. ಅಗಲ, ಅಷ್ಟೇ ಆಳದ ಗಾಡಿ ಕಟ್ಟರ್‌ನಲ್ಲಿ ಹೊಡೆಸಿ. ಕಂಬಿ ಸಿಗುವಷ್ಟು ತೆಳು ಸಜ್ಜ ಆದರೆ ಕೊರೆಯಬೇಡಿ, ಎಲ್ ಆಕಾರದ ಅಲ್ಯೂಮಿನಿಯಂ ಪಟ್ಟಿಯನ್ನು ಪಿಯು (ಪಾಲಿಯುರಿಥೇನ್) ಸೀಲೆಂಟ್‌ನಲ್ಲಿ ಅಂಟಿಸಿ. ಸಜ್ಜದ ಮೇಲ್ಮೈ ಹೊರಗಡೆಗೆ ಇಳಿಜಾರಾಗಿರಬೇಕು, ಎರಡಡಿಗೆ ಒಂದಿಂಚು ಸಾಕು.

ಬುಡದ ಹಸಿರು ಪಾಚಿಗೆ ಕಾರಣ, ಮಾಡಿನ (ಸೂರಿನ) ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯೋದು. ಮಾಡಿಗೆ ದೋಣಿ (ನೀರು ಹಿಡಿಯುವ ಗಟರ್) ಹಾಕಿಸಿದರೆ ಅರ್ಧ ಕೆಲಸ ಮುಗಿಯಿತು. ಆಗದಿದ್ದರೆ ನೀರು ಬೀಳುವ ಸಾಲಿನಲ್ಲಿ ಎರಡಡಿ ಅಗಲಕ್ಕೆ, ನಾಲ್ಕಿಂಚು ದಪ್ಪಕ್ಕೆ 20 ಮಿ.ಮೀ. ಜಲ್ಲಿ ಹಾಸಿ. ಅಲ್ಲಿ ಕಾಂಕ್ರೀಟ್ ಹಾಕಿಸುವವರೇ ಹೆಚ್ಚು, ಅದರಿಂದ ಸಿಡಿತ ಇನ್ನೂ ಮೇಲಕ್ಕೆ ಹೋಗುತ್ತೆ. ಗೋಡೆಗೆ ಒರಗಿಸಿದ ಸೌದೆ, ಹೂಕುಂಡ ಎಲ್ಲ ಒಂದಡಿ ದೂರ ಇರಲಿ. ಗಾಳಿ ಆಡಿದರೆ ಗೋಡೆ ಒಣಗುತ್ತೆ.

ಪ್ರಶ್ನೆ: ತೊಳೆಯೋಕೆ ಏನು ಬಳಸಬೇಕು? ಬ್ಲೀಚಿಂಗ್ ಪೌಡರ್ ಆಗುತ್ತಾ? ಅಳತೆ ಹೇಳಿ.

ಉತ್ತರ: ಆಗುತ್ತೆ. ಮೊದಲು ಕಪ್ಪು ಕಲೆ ಮೇಲೆ ನಾಲ್ಕು ಹನಿ ದ್ರವ ಬ್ಲೀಚ್ ಹಾಕಿ ಐದು ನಿಮಿಷ ನೋಡಿ. ಬಣ್ಣ ತಿಳಿಯಾದರೆ ಅದು ಪಾಚಿ ಅಥವಾ ಬೂಷ್ಟು. ಹಾಗೇ ಉಳಿದರೆ ಅದು ಧೂಳು, ಹೊಗೆ; ಅದಕ್ಕೆ ಸೋಪುನೀರು ಸಾಕು.

ಹೊಸ ಪ್ಯಾಕಿನ ಬ್ಲೀಚಿಂಗ್ ಪೌಡರ್ 350 ಗ್ರಾಂ, ನೀರು 10 ಲೀಟರ್, ಪ್ಲಾಸ್ಟಿಕ್ ಬಕೆಟ್. ಮೊದಲು ಸ್ವಲ್ಪ ನೀರಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಸೇರಿಸಿ, ಅರ್ಧ ಗಂಟೆ ಬಿಡಿ. ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿ ಬಳಸಿ. ಗಸಿ ಹಾಕಿದರೆ ಗೋಡೆ ಮೇಲೆ ಬಿಳಿ ಉಳಿಯುತ್ತೆ. ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ ಮೂರು ಪಾಲು ನೀರು.

ಗಿಡಗಳಿಗೆ ಮೊದಲೇ ನೀರು ಹೊಯ್ದು ಪ್ಲಾಸ್ಟಿಕ್ ಮುಚ್ಚಿ. ಗೋಡೆಗೆ ಕೆಳಗಿಂದ ಮೇಲಕ್ಕೆ ಹಚ್ಚಿ, ಮೇಲಿಂದ ಹಚ್ಚಿದರೆ ಇಳಿದ ಗೆರೆಗಳ ಗುರುತು ನಿಲ್ಲುತ್ತೆ. 15 ನಿಮಿಷ ಒಣಗದ ಹಾಗೆ ನೋಡಿಕೊಂಡು, ನೈಲಾನ್ ಬ್ರಷ್‌ನಲ್ಲಿ ಉಜ್ಜಿ, ಮೇಲಿಂದ ಕೆಳಕ್ಕೆ ತೊಳೆಯಿರಿ. ಗ್ಲೌಸ್, ಕನ್ನಡಕ ಕಡ್ಡಾಯ. ಟಾಯ್ಲೆಟ್ ಕ್ಲೀನರ್ ಆಗಲಿ ಬೇರೆ ಆಸಿಡ್ ಆಗಲಿ ಇದಕ್ಕೆ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಏಳುತ್ತೆ, ಉಸಿರಿಗೆ ಅಪಾಯ. ತೊಳೆದ ನೀರು ಬಾವಿ ಕಡೆ ಹರಿಯದ ಹಾಗೆ ಮೊದಲೇ ಕಣಿ (ಸಣ್ಣ ಕಾಲುವೆ) ತೆಗೆದಿಡಿ.

ಪ್ರಶ್ನೆ: ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣ ಗೋಡೆಗೆ ಹೊಡೆಯಬಹುದಾ?

ಉತ್ತರ: ಅಡಿಕೆ ಕೊಳೆಗೆ ಹೊಡೆಯುವ ಶೇ. 1ರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತಲ್ಲ, ಅದರ ತಾಮ್ರ ಪಾಚಿಯನ್ನೂ ತಡೆಯುತ್ತೆ. ತೋಟದ ಬೇಲಿಗೋಡೆಗೆ ಪರವಾಗಿಲ್ಲ. ಮನೆಗೋಡೆಗೆ ಬೇಡ: ನೀಲಿ ಕಲೆ ಸುಲಭಕ್ಕೆ ಹೋಗಲ್ಲ, ತಾಮ್ರ ತಾಗಿದ ಕಬ್ಬಿಣದ ಗ್ರಿಲ್, ಅಲ್ಯೂಮಿನಿಯಂ ಕಿಟಕಿ ಬೇಗ ತಿನ್ನಿಹೋಗುತ್ತವೆ.

ಪ್ರಶ್ನೆ: ಪಾಚಿ ನಿರೋಧಕ ಅಂತ ಬರೆದ ದುಬಾರಿ ಪೈಂಟ್ ತಗೊಂಡರೆ ಸಾಕಲ್ವಾ?

ಉತ್ತರ: ಸಾಕಾಗಲ್ಲ. ಅದರಲ್ಲಿರುವ ಪಾಚಿನಾಶಕ ಮಳೆಗೆ ಸ್ವಲ್ಪ ಸ್ವಲ್ಪವೇ ಕರಗಿ ಹೋಗುತ್ತೆ. ಸಜ್ಜದ ನೀರು ದಿನವಿಡೀ ಇಳಿಯುವ ಜಾಗದಲ್ಲಿ ಇನ್ನೂ ಬೇಗ. ಆದರೂ ಒಳ್ಳೆ ಎಕ್ಸ್‌ಟೀರಿಯರ್ ಎಮಲ್ಷನ್ನೇ (ಹೊರಗೋಡೆಗೆ ಹಚ್ಚುವ, ನೀರು ಬೆರೆಸುವ ಪೈಂಟ್) ತಗೊಳ್ಳಿ, ಹಚ್ಚುವ ಕ್ರಮ ಮಾತ್ರ ತಪ್ಪಬೇಡಿ.

ತೊಳೆದ ಗೋಡೆ ಪೂರ್ತಿ ಒಣಗಬೇಕು. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಮಾರನೇ ದಿನ ಒಳಗಡೆ ಬೆವರಿದ್ದರೆ ಇನ್ನೂ ಕಾಯಿರಿ. ಹೊಸ ಗಾರೆ ಆದರೆ ಕನಿಷ್ಠ 28 ದಿನ ಬಿಡಿ. ಬಿರುಕಿಗೆ ಕ್ರ್ಯಾಕ್ ಫಿಲ್ಲರ್, ಆಮೇಲೆ ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೋಟ್, ಎಮಲ್ಷನ್ ಎರಡು ಕೋಟ್. ನಯವಾದ ಗೋಡೆಗೆ ಎರಡು ಕೋಟ್ ಸೇರಿ ಲೀಟರಿಗೆ 50ರಿಂದ 60 ಚದರಡಿ ಬರುತ್ತೆ. ಅದಕ್ಕಿಂತ ತುಂಬಾ ಜಾಸ್ತಿ ಬಂತು ಅಂದರೆ ನೀರು ಹೆಚ್ಚು ಬೆರೆಸಿದ್ದಾರೆ. ಡಬ್ಬಿ ಮೇಲೆ ಬರೆದಷ್ಟೇ ನೀರು, ಅದೂ ಅಳೆದು, ನಿಮ್ಮ ಕಣ್ಣೆದುರೇ ಬೆರೆಸಲಿ. ಒಳಗೋಡೆಯ ಪುಟ್ಟಿಯನ್ನು ಹೊರಗೆ ಬಳಸಲು ಬಿಡಬೇಡಿ, ನೀರು ಕುಡಿದು ಉಬ್ಬುತ್ತೆ.

ಪ್ರಶ್ನೆ (ಉಡುಪಿ): ನಮ್ಮದು ಗಾರೆ ಮಾಡದ ಕೆಂಪುಕಲ್ಲಿನ ಗೋಡೆ. ಪ್ರೆಷರ್ ವಾಷರ್ ಇದೆ, ಹೊಡೆದು ವಾರ್ನಿಷ್ ಹಚ್ಚಲಾ?

ಉತ್ತರ: ಎರಡೂ ಬೇಡ ಅಣ್ಣ. ಕೆಂಪುಕಲ್ಲು ತೂತುತೂತಿನ ಕಲ್ಲು, ಜೋರು ನೀರಿಗೆ ಸಂದಿನ ಗಾರೆ ಕಿತ್ತು ಬರುತ್ತೆ. ಬ್ಲೀಚ್ ತಿಳಿ, ಬ್ರಷ್, ಪೈಪ್ ನೀರು ಸಾಕು. ವಾರ್ನಿಷ್ ಹಚ್ಚಿದರೆ ಒಳಗಿನ ತೇವ ಹೊರಬರಲಾಗದೆ ಪದರ ಬೆಳ್ಳಗಾಗಿ ಏಳುತ್ತೆ. ಸಿಲೇನ್-ಸಿಲಾಕ್ಸೇನ್ ಇರುವ ನೀರುನಿರೋಧಕ ಕೇಳಿ ತಗೊಳ್ಳಿ: ಅದು ಕಲ್ಲಿನೊಳಗೆ ಇಳಿಯುತ್ತೆ, ಮೇಲೆ ಪದರ ಕಟ್ಟಲ್ಲ, ಆವಿ ಹೊರಗೆ ಹೋಗುತ್ತೆ. ಗೋಡೆ ಚೆನ್ನಾಗಿ ಒಣಗಿದ ಮೇಲೆ, ಮೊದಲ ಕೋಟ್ ಹಸಿ ಇರುವಾಗಲೇ ಎರಡನೇದು ಹಚ್ಚಿ.

ಪ್ರಶ್ನೆ: ಮಳೆ ಹಿಡಿದುಬಿಟ್ಟಿದೆ. ಈಗ ಏನಾದರೂ ಮಾಡಬಹುದಾ?

ಉತ್ತರ: ಪೈಂಟ್ ಕೆಲಸ ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ ಇಟ್ಟುಕೊಳ್ಳಿ. ಈಗ ಪಶ್ಚಿಮಕ್ಕೆ ಸೋಗೆ ತಟ್ಟಿಯನ್ನೋ ಟಾರ್ಪಾಲನ್ನೋ ಗೋಡೆಯಿಂದ ಅರ್ಧ ಅಡಿ ದೂರಕ್ಕೆ ಕಟ್ಟಿ. ಟಾರ್ಪಾಲ್ ಗೋಡೆಗೆ ಅಂಟಿಕೊಂಡರೆ ತೇವ ಒಳಗೇ ಕೂತು ಪಾಚಿ ಇನ್ನೂ ಜಾಸ್ತಿಯಾಗುತ್ತೆ. ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತ ಒಂದು ಸುತ್ತು ಬಂದು, ಎಲ್ಲೆಲ್ಲಿ ನೀರು ಗೋಡೆ ಹಿಡಿದು ಇಳಿಯುತ್ತೆ ಅಂತ ಫೋಟೋ ತೆಗೆದು ಇಲ್ಲಿ ಹಾಕಿ. ಒಣಗಿದ ಗೋಡೆಯ ಫೋಟೋದಲ್ಲಿ ಅದು ಕಾಣೋದೇ ಇಲ್ಲ.