ಪಚ್ಚಬಾಳೆ ಬೇಗ ಹಣ್ಣಾಗಬೇಕು, ಏನು ಮಾಡಲಿ?

ಭಾನುವಾರ ಮಗಳ ಹುಟ್ಟುಹಬ್ಬ. ಬಾಳೆಹಣ್ಣಿನ ಕೇಕ್ ಮಾಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ತಂದಿರುವ ಪಚ್ಚಬಾಳೆ ಕಲ್ಲಿನ ಹಾಗಿದೆ. ಇರೋದು ಎರಡೇ ದಿನ.

ಉತ್ತರ: ಕಾಗದದ ಚೀಲಕ್ಕೆ ಹಾಕಿ, ಜೊತೆಗೊಂದು ಸೇಬು ಇಟ್ಟು, ಬಾಯಿ ಮಡಚಿ ಅಕ್ಕಿ ಡಬ್ಬದಲ್ಲಿ ಹುದುಗಿಸಿಡಿ. ಹಣ್ಣು ಬಿಡುವ ಎಥಿಲಿನ್ ಅನಿಲ ಹೊರಗೆ ಹೋಗದೆ ಅಲ್ಲೇ ನಿಂತು ಕಾಯನ್ನು ಬೇಗ ಮಾಗಿಸುತ್ತದೆ. ನಮ್ಮಜ್ಜಿ ಹೀಗೇ ಮಾಡುತ್ತಿದ್ದರು, ಸೇಬು ಮಾತ್ರ ಇರಲಿಲ್ಲ. ಫ್ರಿಜ್‌ಗೆ ಮಾತ್ರ ಇಡಬೇಡಿ.

ಇನ್ನೊಂದು ಉತ್ತರ: ಸಿಪ್ಪೆ ಸಮೇತ ಓವನ್‌ನಲ್ಲಿ 150 ಡಿಗ್ರಿಗೆ 20 ನಿಮಿಷ ಇಟ್ಟರೆ ಕಪ್ಪಗಾಗಿ ಮೆತ್ತಗಾಗುತ್ತದೆ. ಆದರೆ ಹಸಿ ಕಾಯಿಗೆ ಇದು ಬೇಡ, ಪಿಷ್ಟ ಸಕ್ಕರೆಯಾಗಿರುವುದಿಲ್ಲ, ಕೇಕ್ ಸಪ್ಪೆ ಆಗುತ್ತದೆ. ಅಂದಹಾಗೆ ಸೆಕೆಗೆ ಪಚ್ಚಬಾಳೆ ಹಸಿರಾಗಿದ್ದೇ ಹಣ್ಣಾಗುತ್ತದೆ, ದಿನಾ ಒತ್ತಿ ನೋಡಿ.

ಕೇಳಿದವರು: ಥ್ಯಾಂಕ್ಸ್! ಈಗಲೇ ಅಕ್ಕಿ ಡಬ್ಬದಲ್ಲಿಟ್ಟೆ.