ಮೆಡೂಸಾಳ ಹಾವುಗಳಿಗೆ ತಾಮ್ರದ ತಂತಿ: ಗ್ರೌಟ್ ಮೊದಲೋ, ತಂತಿ ಮೊದಲೋ?

ಪ್ರಶ್ನೆ:
ಗ್ರೀಕ್ ಪುರಾಣದ ಹಾವುಗೂದಲಿನ ಮೆಡೂಸಾಳ ಚಿತ್ರವನ್ನು ಪ್ಲೈವುಡ್ ಮೇಲೆ ಚೂರುಗಳಿಂದ ಜೋಡಿಸಿ ಮೊಸಾಯಿಕ್ ಮಾಡುತ್ತಿದ್ದೇನೆ. ಮುಖಕ್ಕೆ ಒಡೆದ ಪಿಂಗಾಣಿ, ಕಣ್ಣಿಗೆ ಹಸಿರು ಗಾಜು, ಹಾವುಗಳಿಗೆ ತಾಮ್ರದ ತಂತಿ, ಹೆಡೆಗಳಿಗೆ ಕೆಟ್ಟ ಗಡಿಯಾರದ ಹಲ್ಲುಚಕ್ರಗಳು. ಚೂರುಗಳ ಸಂದು ತುಂಬುವ ಗ್ರೌಟ್ ಆ ತಂತಿಯ ಸುರುಳಿಗಳೊಳಗೆ ಹೊಕ್ಕರೆ ಕೆರೆದು ತೆಗೆಯುವುದು ಯಾರಿಂದಾದೀತು? ಇನ್ನೊಂದು ಸಂಕಟ: ಹಾವುಗಳು ಬುಸುಗುಡುತ್ತಿವೆ, ಮುಖ ಮಾತ್ರ ಸಪ್ಪೆ.

ಉತ್ತರ 1:
ಗ್ರೌಟ್ ಮೊದಲು. ಹಾವಿನ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗ್ರೌಟ್ ಪೂರ್ತಿ ಗಟ್ಟಿಯಾಗುವ ಮುನ್ನ ಕಿತ್ತುಬಿಡಿ. ಒಣಗಿದ ಮೇಲೆ ತಂತಿಯನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ. ಹೊರಗೆ ತೂಗುಹಾಕುವುದಾದರೆ ಪ್ಲೈವುಡ್ ಬೇಡ, ನೀರು ಕುಡಿದು ಉಬ್ಬುತ್ತದೆ. ಸಿಮೆಂಟ್ ಬೋರ್ಡ್ ಹಿಡಿಯಿರಿ.

ಉತ್ತರ 2:
ಮುಖ ಸಪ್ಪೆಯಾಗುವುದು ಚೂರುಗಳನ್ನು ಇಟ್ಟಿಗೆಯಂತೆ ಅಡ್ಡಸಾಲಿನಲ್ಲಿ ಜೋಡಿಸಿದಾಗ. ಇಟಲಿಯ ಪ್ರಾಚೀನ ರೋಮನ್ ನಗರ ಪೊಂಪೆಯಲ್ಲಿ 1831ರಲ್ಲಿ ಸಿಕ್ಕ ಅಲೆಕ್ಸಾಂಡರ್ ಮೊಸಾಯಿಕ್ ಚಿತ್ರವನ್ನು ಹಿಗ್ಗಿಸಿ ನೋಡಿ. ಅವನ ಎದೆಕವಚದ ಮೇಲೆ ನಿಮ್ಮ ಮೆಡೂಸಾಳೇ ಇದ್ದಾಳೆ! ಅಲ್ಲಿನ ಕಲ್ಲುಗಳು ಬಹಳ ಸಣ್ಣವು. ನೀವೂ ಚೂರುಗಳನ್ನು ಚಿಕ್ಕದಾಗಿಸಿ, ಸಾಲುಗಳು ಕೆನ್ನೆಯ ತಿರುವನ್ನೇ ಅನುಸರಿಸಲಿ. ಮೂಗಿನ ಪಕ್ಕಕ್ಕೆ ಬೂದು ಬಣ್ಣ ಸಾಕು. ಕಪ್ಪು ಹಾಕಿದರೆ ಮೀಸೆಯಾದೀತು.

ಪ್ರಶ್ನೆ ಕೇಳಿದವರು:
ಅಡ್ಡಸಾಲೇ ಹಾಕಿದ್ದೆ. ಎಡಗೆನ್ನೆಯನ್ನು ಕೀಳುತ್ತಿದ್ದೇನೆ. ಕಣ್ಣಿನ ಗಾಜನ್ನು ತುಸು ಓರೆಯಾಗಿ ಕೂರಿಸಬಹುದೇ?

ಉತ್ತರ 2:
ಧಾರಾಳವಾಗಿ. ಪೂರ್ವ ರೋಮನ್ ಸಾಮ್ರಾಜ್ಯವಾದ ಬೈಜಾಂಟಿಯಮ್‌ನ ಕುಶಲಕರ್ಮಿಗಳು ಚಿನ್ನದ ಗಾಜನ್ನು ಹಾಗೆಯೇ ವಾಲಿಸುತ್ತಿದ್ದರು, ಬೆಳಕು ನೋಡುವವರತ್ತ ಹೊಳೆಯಲೆಂದು. ಅಂಚು ಮಾತ್ರ ಉಜ್ಜಿ, ಬೆರಳು ಕೊಯ್ಯುತ್ತದೆ.