ಅಪ್‌ಡೇಟ್: 43ರಲ್ಲಿ ಈಜು ಕಲಿಯಲು ಕೊನೆಗೂ ನೀರಿಗಿಳಿದೆ

ವಯಸ್ಸು 43, ಈಜು ಕಲಿಯುವ ಆಸೆ, ಆದರೆ ನೋಡಿದವರು ನಗುತ್ತಾರೇನೋ ಅನ್ನುವ ಭಯ ಅಂತ ಬರೆದಿದ್ದೆನಲ್ವಾ? ಇಳಿದೇಬಿಟ್ಟೆ!

ಕನ್ನಡಿ ಮುಂದೆ ಧೈರ್ಯ ಹೇಳಿಕೊಂಡಿದ್ದು ನನಗೆ ಉಪಯೋಗಕ್ಕೆ ಬರಲಿಲ್ಲ. ವಿಡಿಯೊ ನೋಡಿದಷ್ಟೂ ಭಯವೇ ಜಾಸ್ತಿಯಾಯಿತು. ಕೈಹಿಡಿದದ್ದು "ಮೊದಲ ದಿನ ಈಜಲೇಬೇಡಿ, ಸುಮ್ನೆ ಮೆಟ್ಟಿಲ ಮೇಲೆ ಕೂತು ನೀರಲ್ಲಿ ಕಾಲಿಟ್ಟು ಬನ್ನಿ" ಅಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ಎರಡನೇ ದಿನ ಸೊಂಟದವರೆಗೆ ಇಳಿದೆ. ಮೂರನೇ ದಿನ ಕಂಬಿ ಹಿಡಿದು ಮುಖ ಮುಳುಗಿಸಿದೆ.

ಆಗ ಒಂದು ಹೊಸ ವಿಷಯ ತಿಳಿಯಿತು. ಉಸಿರು ಕಟ್ಟಿದರೆ ಮೈಯೊಳಗೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿ ಗಾಬರಿಯಾಗುತ್ತದೆ. ನೀರೊಳಗೆ ಮೂಗಿನಿಂದ ಗುಳುಗುಳು ಅಂತ ಉಸಿರು ಬಿಡುತ್ತಿದ್ದರೆ ಎದೆ ಹಗುರ.

ಶನಿವಾರ ಕಂಬಿ ಬಿಟ್ಟು ತೇಲಿದೆ. ಇಷ್ಟು ವರ್ಷ ಮನೆಯವರಿಗೆ "ನನಗೆ ನೀರೇ ಇಷ್ಟವಿಲ್ಲ" ಅಂತ ಸುಳ್ಳು ಹೇಳಿದ್ದೆ. ಆ ರಾತ್ರಿ ನಿಜ ಹೇಳಿಬಿಟ್ಟೆ.